ತೇಲುವ ಡ್ರಮ್ಮಿನಲ್ಲಿ ಮಧ್ಯಾಹ್ನ ಗ್ಯಾಸ್ ಜಾಸ್ತಿ ಕಾಣುವುದು ಯಾಕೆ

ಬೆಳಗ್ಗೆ 18 ಡಿಗ್ರಿ ಇದ್ದಾಗ ಡ್ರಮ್ಮಿನಲ್ಲಿ 1000 ಲೀಟರ್ ಗೋಬರ್ ಗ್ಯಾಸ್ ಇತ್ತು, ಮಧ್ಯಾಹ್ನ 38 ಡಿಗ್ರಿಗೆ 1150 ಲೀಟರ್ ತೋರಿಸಿತು, ಮಧ್ಯೆ ಒಲೆ ಹಚ್ಚಿಲ್ಲ, ಹಾಗಾದರೆ 150 ಲೀಟರ್ ಹೊಸ ಗ್ಯಾಸ್ ಬಂತಾ ಅಂತ ಕೇಳಿದ್ದೀರಿ. ಇಲ್ಲ. ಅದರಲ್ಲಿ ಬಹುಪಾಲು ಬಿಸಿಲಿನ ಕೆಲಸ.

ಸಗಣಿ ನೀರಿನ ಮೇಲೆ ಬೋರಲಾಗಿ ತೇಲುತ್ತಾ ಗ್ಯಾಸ್ ಹಿಡಿದಿಡುವ ಈ ಡ್ರಮ್ಮಿನ ತೂಕ ಬದಲಾಗುವುದಿಲ್ಲ, ಹಾಗಾಗಿ ಒಳಗಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗ್ಯಾಸ್ ಬಿಸಿಯಾದರೆ ಡ್ರಮ್ ಮೇಲೇಳುತ್ತದೆ, ಅಷ್ಟೇ. ಒತ್ತಡ ಅಷ್ಟೇ ಇದ್ದರೆ ಗ್ಯಾಸ್ ಬಿಸಿಯಾದಷ್ಟೂ ಹಿಗ್ಗುತ್ತದೆ ಅನ್ನುವ ಇದು ಚಾರ್ಲ್ಸ್ ನಿಯಮ. ಹೆಸರು ಚಾರ್ಲ್ಸ್ ಅವರದ್ದಾದರೂ ಫ್ರೆಂಚ್ ವಿಜ್ಞಾನಿ ಗೇ ಲುಸಾಕ್ 1802ರಲ್ಲಿ ಪ್ರಕಟಿಸಿದ್ದು. ಹೊಸ ಪ್ರಮಾಣ ಬೇಕಾದರೆ ಹಳೆಯದನ್ನು ಹೊಸ ಉಷ್ಣತೆಯಿಂದ ಗುಣಿಸಿ ಹಳೆಯ ಉಷ್ಣತೆಯಿಂದ ಭಾಗಿಸಿ. ಆದರೆ ಸೆಲ್ಸಿಯಸ್‌ನಲ್ಲಿ ಮಾಡಬೇಡಿ! 38ನ್ನು 18ರಿಂದ ಭಾಗಿಸಿದರೆ ಗ್ಯಾಸ್ ಎರಡು ಪಟ್ಟಿಗಿಂತ ಜಾಸ್ತಿ ಆಗಬೇಕು, ಹಾಗೆಲ್ಲಾದರೂ ಆಗುತ್ತದಾ? ಎರಡಕ್ಕೂ 273 ಕೂಡಿಸಿ ಕೆಲ್ವಿನ್ (ವಿಜ್ಞಾನದಲ್ಲಿ ಬಳಸುವ ಉಷ್ಣತೆಯ ಅಳತೆ) ಮಾಡಿಕೊಳ್ಳಿ. 291 ಮತ್ತು 311. 1000 ಗುಣಿಸು 311 ಭಾಗಿಸು 291 ಅಂದರೆ ಸುಮಾರು 1069 ಲೀಟರ್.

ಮಿಕ್ಕ 81 ಲೀಟರ್ ಎಲ್ಲಾ ಹೊಸ ಗ್ಯಾಸ್ ಅಂದುಕೊಳ್ಳಬೇಡಿ, ಇಲ್ಲೇ ತುಂಬಾ ಜನ ಲೆಕ್ಕ ತಪ್ಪುತ್ತಾರೆ. ಡ್ರಮ್ಮಿನೊಳಗೆ ಸಗಣಿ ನೀರಿನ ಮೇಲೆ ಕೂತ ಗ್ಯಾಸ್ ಪೂರ್ತಿ ತೇವ ಅಲ್ವಾ? 18 ಡಿಗ್ರಿಯಲ್ಲಿ ಅದರ ಸುಮಾರು ನೂರಕ್ಕೆ 2 ಭಾಗ ನೀರಾವಿ, 38ರಲ್ಲಿ ಹತ್ತಿರ ಹತ್ತಿರ 6.5 ಭಾಗ. ಅಂದರೆ ಬೆಳಗ್ಗೆ ಒಣ ಗ್ಯಾಸ್ ಇದ್ದದ್ದು 980 ಲೀಟರ್, ಅದು ಬಿಸಿಯಾಗಿ 1047 ಆಯಿತು, ಮಧ್ಯಾಹ್ನ ಇದು ಒಟ್ಟು ಪ್ರಮಾಣದ ನೂರಕ್ಕೆ 93.5 ಭಾಗ ಮಾತ್ರ, ಹಾಗಾಗಿ ಆವಿ ಸೇರಿ 1120. ಹೊಸದಾಗಿ ಬಂದದ್ದು 30 ಲೀಟರ್ ಸುತ್ತಮುತ್ತ.

ಉಷ್ಣತೆ ಹೊರಗಿನ ಗಾಳಿಯದಲ್ಲ, ಗ್ಯಾಸಿನದೇ ಆಗಿರಬೇಕು. ಕಪ್ಪು ಬಣ್ಣದ ಕಬ್ಬಿಣದ ಡ್ರಮ್ ಬಿಸಿಲಲ್ಲಿ ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ದಿನದ ಉತ್ಪಾದನೆ ಹೋಲಿಸುವುದಿದ್ದರೆ ಸುಮ್ನೆ ಪ್ರತಿದಿನ ಸೂರ್ಯ ಹುಟ್ಟುವ ಮೊದಲೇ ಎತ್ತರ ಅಳೆಯಿರಿ, ಅರ್ಧ ತಲೆನೋವು ತಪ್ಪುತ್ತದೆ. ಗುಮ್ಮಟದ ಪ್ಲಾಂಟ್ ಇರುವವರು ಮಾತ್ರ ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ, ಅಲ್ಲಿ ಗುಮ್ಮಟ ಮೇಲೇಳುವುದಿಲ್ಲ, ಗ್ಯಾಸ್ ಸಗಣಿ ನೀರನ್ನು ಹೊರಗೆ ತಳ್ಳುತ್ತಾ ಹೋದಂತೆ ಒತ್ತಡವೂ ಏರುತ್ತದೆ.