ಎರೆ ನೆಲದ ಶಾಲೆಗೆ 200 ಸಸಿ ಬೇಡ, 20 ಸಾಕು

ಗದಗ ಜಿಲ್ಲೆ ರೋಣದ ಕಡೆಯ ಸರ್ಕಾರಿ ಶಾಲೆ, ಎರೆ (ಕಪ್ಪು ಮಣ್ಣಿನ) ನೆಲ, ಪರಿಸರ ದಿನ ಜೂನ್ 5ಕ್ಕೆ 200 ಸಸಿ ನೆಡಬೇಕು, ದಾನಿಗಳನ್ನು ಎಲ್ಲಿ ಹುಡುಕಲಿ ಅಂತ ಕೇಳಿದ್ದೀರಿ. ಎಸ್‌ಡಿಎಂಸಿಯಲ್ಲಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೂತು ಇದೇ ಲೆಕ್ಕ ಹಾಕಿದವನು ನಾನೂ. ದಾನಿ ಬೇಕಿಲ್ಲ. ಅರಣ್ಯ ಇಲಾಖೆ ನರ್ಸರಿಯಲ್ಲಿ ಸಸಿ ಕಡಿಮೆ ದರಕ್ಕೇ ಸಿಗುತ್ತವೆ. ಸಿಗದಿರುವುದು ಏಪ್ರಿಲ್-ಮೇ ತಿಂಗಳ ನೀರು.

ಎಲ್ಲರೂ ಎಡವುವುದು ಮಣ್ಣಿನ ಗುಣ ಮರೆತು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕು ಮೂರು ಅಡಿ ಇಳಿದಿರುತ್ತದೆ. ಎಳೆ ಬೇರು ಅಲ್ಲೇ ಹರಿಯುತ್ತದೆ, ಬಿಸಿಗಾಳಿ ಒಳಹೊಕ್ಕು ಕೆಳಗಿನ ಹಸಿಯನ್ನೂ ಹೀರುತ್ತದೆ. ಆಮೇಲೆ ಕೊಡಗಟ್ಟಲೆ ಸುರಿದರೂ ನೀರು ಬಿರುಕು ಹಿಡಿದು ಪಾತಾಳಕ್ಕೆ. ಮಳೆಗಾಲದಲ್ಲಿ ಇದರ ಉಲ್ಟಾ: ಗುಂಡಿ ನೀರು ಹಿಡಿದು ಬೇರು ಕೊಳೆಯುತ್ತದೆ.

ಅದಕ್ಕೇ ಮೇ ತಿಂಗಳಲ್ಲಿ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ತುಂಬುವಾಗ ಎರಡು ಪಾಲು ಎರೆ ಮಣ್ಣು, ಒಂದು ಪಾಲು ಗರಸು (ಹರಳು ಮಣ್ಣು), ಒಂದು ಪಾಲು ಕಳಿತ ತಿಪ್ಪೆಗೊಬ್ಬರ. ನೆಲಕ್ಕಿಂತ ಅರ್ಧ ಅಡಿ ಏರಿಸಿ. ಜೂನ್ 5ರ ಹಟ ಬಿಡಿ, ಫೋಟೊ ಆಮೇಲೂ ತೆಗೆಯಬಹುದು. ಎರಡು ಹದ ಮಳೆ ಆಗಲಿ. ಬೇವು, ಹೊಂಗೆ, ಹುಣಸೆ, ಬನ್ನಿ ನೆಡಿ. ಪ್ಲಾಸ್ಟಿಕ್ ಚೀಲ ಹರಿದು ತೆಗೆಯಿರಿ (ಚೀಲದ ಸಮೇತ ನೆಡುವವರೂ ಇದ್ದಾರೆ). ಚಳಿ ಇಳಿಯುತ್ತಲೇ ಬುಡದ ಮಣ್ಣನ್ನು ಕುರ್ಪಿಯಿಂದ ಎರಡಿಂಚು ಸಡಿಲಿಸಿ, ಬಿರುಕು ಮುಚ್ಚಿ, ಮೇಲೆ ನಾಲ್ಕಿಂಚು ಶೇಂಗಾ ಹೊಟ್ಟು ಹಾಸಿ.

ಒಂದು ಸಸಿಗೆ ಐದು ದಿನಕ್ಕೊಮ್ಮೆ ಹತ್ತು ಲೀಟರ್. ಬಿಸಿಯೂಟದ ನಂತರ 100 ಮಕ್ಕಳು ಕೈ, ತಟ್ಟೆ ತೊಳೆದರೆ ತಲೆಗೆ ಎರಡು ಲೀಟರ್ ಹಿಡಿದರೂ ದಿನಕ್ಕೆ 200 ಲೀಟರ್. ಅಗುಳು ತಡೆಯಲು ಒಂದು ಜಾಳಿಗೆ, ಮುಂದೆ ಜಲ್ಲಿ ಗುಂಡಿ ಇದ್ದರೆ ಅದೇ ನೀರು ಗಿಡಕ್ಕೆ. 200 ಸಸಿಗೆ ದಿನಕ್ಕೆ 400 ಲೀಟರ್ ಬೇಕು, ಅಲ್ಲಿಗೇ ನಿಮ್ಮ ಲೆಕ್ಕ ತಪ್ಪಿತು. ಬೇಸಿಗೆ ರಜೆಯಲ್ಲಂತೂ ಆ ನೀರೂ ಇಲ್ಲ. 20 ಸಸಿಯಾದರೆ ಐದು ದಿನಕ್ಕೆ 200 ಲೀಟರಿನ ಒಂದೇ ಡ್ರಮ್ಮು.

ಆ ಡ್ರಮ್ಮು ತುಂಬುವವರು ಯಾರು ಅನ್ನುವುದು ಎಸ್‌ಡಿಎಂಸಿ ಠರಾವಿನಲ್ಲಿ, ವಾರವಾರಕ್ಕೆ ಹೆಸರು ಸಮೇತ ಬರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಊರಲ್ಲೇ ಇರುವವರು ಅವರು. ಹೆಡ್‌ಮಾಸ್ತರ ತಲೆಗೆ ಕಟ್ಟಿದರೆ ಅವರ ಜೊತೆ ತೋಟವೂ ವರ್ಗವಾಗುತ್ತದೆ. ಡ್ರಮ್ಮು, ಪೈಪು, ಜಾಳಿಗೆಯನ್ನು 22ನೇ ಕಲಮಿನ ಶಾಲಾ ಅಭಿವೃದ್ಧಿ ಯೋಜನೆಯಲ್ಲೇ ಸೇರಿಸಿ. ಆಡು ಬರದಂತೆ ಬುಡದ ಸುತ್ತ ಬಾರಿಮುಳ್ಳು ಕಟ್ಟಲು ಮಾತ್ರ ನೆಟ್ಟ ದಿನವೇ ಜನ ಬೇಕು, ಮರುದಿನಕ್ಕೆ ಇಟ್ಟುಕೊಳ್ಳಬೇಡಿ.