ಅಸುರ, ಅಹುರ ಮತ್ತು ನಮ್ಮ ದೈವ

ಪ್ರಶ್ನೆ: ಪಾರಸಿಗಳ ಧರ್ಮಗ್ರಂಥವಾದ ಅವೆಸ್ತಾದಲ್ಲಿ ಅಹುರನೆಂದರೆ ದೇವರು, ದಏವನೆಂದರೆ ದುಷ್ಟಶಕ್ತಿ. ನಮ್ಮಲ್ಲಿ ಇದು ತಿರುವುಮುರುವು. ಒಂದೇ ಮೂಲದ ಜನ ಧರ್ಮಕ್ಕಾಗಿ ಜಗಳವಾಡಿ ಬೇರೆಯಾದುದೇ ಕಾರಣವೆಂಬ ಪಾಶ್ಚಾತ್ಯ ವಿದ್ವಾಂಸರ ಮಾತನ್ನು ನಂಬಬಹುದೇ?
— ಓದುಗರೊಬ್ಬರು, ಉಡುಪಿ

ಉತ್ತರ: ಭಾಷೆಯ ಬಗ್ಗೆ ಅವರು ಹೇಳಿದ್ದನ್ನು ಧಾರಾಳವಾಗಿ ನಂಬಬಹುದು, ಅದರ ಮೇಲೆ ಕಟ್ಟಿದ ಚರಿತ್ರೆಯನ್ನು ಮಾತ್ರ ಪರೀಕ್ಷಿಸದೆ ಒಪ್ಪಬಾರದು. ತುಳುವಿನ ಪಿಲಿ ಕನ್ನಡದಲ್ಲಿ ಹುಲಿ, ಪೂ ಎಂಬುದು ಹೂ ಆಗಿರುವಂತೆ, ಸಂಸ್ಕೃತದ ಸಕಾರಕ್ಕೆ ಅವೆಸ್ತಾದಲ್ಲಿ ಬಹಳ ಕಡೆ ಹಕಾರ ಬರುತ್ತದೆ. ಸೋಮ ಅಲ್ಲಿ ಹಓಮ, ಸಪ್ತ ಹಪ್ತ, ಅಸುರ ಅಹುರ. ಇದು ಊಹೆಯಲ್ಲ, ನಿಯಮ.

ಆದರೆ ಈ ತಿಳಿವಳಿಕೆ ಯುರೋಪಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಫ್ರಾನ್ಸಿನ ಆಂಕ್ತಿಲ್ ದ್ಯುಪೆರೋನ್ ಸೂರತ್ತಿನ ಪಾರಸಿ ದಸ್ತೂರರಿಂದ (ಪುರೋಹಿತರಿಂದ) ಕಲಿತು 1771ರಲ್ಲಿ ಅವೆಸ್ತಾದ ಅನುವಾದವನ್ನು ಪ್ರಕಟಿಸಿದಾಗ ಅದನ್ನು ಹಳಿದವರಲ್ಲಿ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಕೂಡ ಒಬ್ಬರು. ಸುಮಾರು ಅರುವತ್ತು ವರ್ಷಗಳ ಬಳಿಕ ಫ್ರಾನ್ಸಿನವರೇ ಆದ ಬ್ಯೂರ್ನೂಫ್ ಅವೆಸ್ತಾದ ಭಾಗವಾದ ಯಸ್ನದ ಅರ್ಥವನ್ನು ಬಿಡಿಸಿದ್ದು, ನೆರ್ಯೋಸಂಘನೆಂಬ ಪಾರಸಿ ಪಂಡಿತ ಶತಮಾನಗಳ ಹಿಂದೆಯೇ ಮಾಡಿಟ್ಟಿದ್ದ ಸಂಸ್ಕೃತ ಅನುವಾದದ ಆಧಾರದಿಂದ. ಬ್ಯೂರ್ನೂಫರನ್ನು ನೆನೆಯುವವರು ನೆರ್ಯೋಸಂಘನನ್ನು ಮರೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಜಗಳದ ಕಥೆಯನ್ನು ಬಲವಾಗಿ ಮಂಡಿಸಿದವರು 1859ರಲ್ಲಿ ಪುಣೆಗೆ ಬಂದು ಸಂಸ್ಕೃತ ಕಲಿಸಿದ ಜರ್ಮನಿಯ ಮಾರ್ಟಿನ್ ಹೌಗ್. ಅವೆಸ್ತಾದ ಗಾಥೆಗಳೆಂಬ ಸ್ತೋತ್ರಗಳ ಭಾಷೆ ಉಳಿದ ಭಾಗಕ್ಕಿಂತ ಹಳೆಯದು, ಪಾರಸಿ ಧರ್ಮದ ಪ್ರವರ್ತಕ ಜರತುಷ್ಟ್ರನ ಸ್ವಂತ ನುಡಿಯನ್ನು ಅಲ್ಲಿಯೇ ಹುಡುಕಬೇಕು ಎಂದು ಅವರು ತೋರಿಸಿಕೊಟ್ಟದ್ದು ದೊಡ್ಡ ಕೆಲಸ. ಜಗಳದ ವಾದಕ್ಕೆ ಅಷ್ಟು ಗಟ್ಟಿ ನೆಲೆಯಿಲ್ಲ. ಋಗ್ವೇದವು ವರುಣನನ್ನೂ ಅಗ್ನಿಯನ್ನೂ ಅಸುರನೆಂದೇ ಸ್ತುತಿಸುತ್ತದೆ. ಅಸುರರು ದೇವತೆಗಳ ವೈರಿಗಳೆಂಬ ಅರ್ಥ ಬಲವಾದದ್ದು ಆಮೇಲೆ. ಒಂದೇ ಶಬ್ದ ಎರಡು ನಾಡುಗಳಲ್ಲಿ ತನ್ನ ಪಾಡಿಗೆ ತಾನು ದಾರಿ ಬದಲಿಸಿರಬಹುದು, ಅದಕ್ಕೊಂದು ಯುದ್ಧವೇ ನಡೆದಿರಬೇಕೆಂದಿಲ್ಲ.

ಹೊರಗಿನವರು ಹೇಳಿದ ಅರ್ಥವನ್ನು ಪರೀಕ್ಷಿಸದೆ ಒಪ್ಪಬಾರದೆಂಬುದಕ್ಕೆ ನಮ್ಮೂರಿನ ಉದಾಹರಣೆಯನ್ನೇ ನೋಡಿ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಬ್ರಿಟಿಷ್ ವಿದ್ವಾಂಸ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು, ಎಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳು, ಅವರ ಮರಣಾನಂತರ, 1894ರಿಂದ ಅಚ್ಚಾದಾಗ, ಅವಕ್ಕೆ ಕೊಟ್ಟ ಶೀರ್ಷಿಕೆಯ ಅರ್ಥ ‘ತುಳುವರ ದೆವ್ವಪೂಜೆ’ ಎಂದು. ಪಾಡ್ದನಗಳನ್ನು ಬರಹದಲ್ಲಿ ಉಳಿಸಿದ ಉಪಕಾರವನ್ನು ನಾನು ಅಲ್ಲಗಳೆಯಲಾರೆ, ಆ ಶೀರ್ಷಿಕೆಯನ್ನು ಒಪ್ಪಲೂ ಆರೆ. ದೈವಾರಾಧನೆಯ ಕೋಲದ ರಾತ್ರಿ ದೊಂದಿಯ ಬೆಳಕಿನಲ್ಲಿ ದೈವದ ಎದುರು ಕೈಮುಗಿದು ನಿಂತು, ಭೂಮಿಯ ತಕರಾರಿಗೋ ಮನೆಯ ಕಷ್ಟಕ್ಕೋ ಅದರ ನುಡಿಯನ್ನು ಕೇಳುವ ಗುತ್ತಿನ (ಊರಿನ ಹಿರಿಮನೆತನದ) ಯಜಮಾನರು ಅಲ್ಲಿ ಕಾಣುವುದು ದೆವ್ವವನ್ನಲ್ಲ.