ಬರೆಸಿದವರು ಓದಬೇಕು

ದಾವಣಗೆರೆ ಕಡೆಯ ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ಓದುಗರೊಬ್ಬರ ಪತ್ರ: “ಇಂಗ್ಲಿಷಿನ ಥೆರಪಿ ವರ್ಕ್‌ಬುಕ್‌ಗಳಿಂದ ಆರಿಸಿ, ಅನುವಾದಿಸಿ, 32 ಪುಟಗಳ ಕನ್ನಡ ಪುಸ್ತಿಕೆ ಮಾಡಿಕೊಂಡಿದ್ದೇನೆ. ಆತಂಕ, ಖಿನ್ನತೆ ಎಂದು ಬರುವ ಮಕ್ಕಳಿಗೆ ಅದರ ಜೆರಾಕ್ಸ್ ಕೊಟ್ಟು, ತುಂಬಿಕೊಂಡು ಬನ್ನಿ ಅನ್ನುತ್ತೇನೆ. ಎರಡು ಸಾವಿರ ವಿದ್ಯಾರ್ಥಿಗಳಿಗೆ ನಾನೊಬ್ಬಳೇ. ಹಿರಿಯ ವೈದ್ಯರೊಬ್ಬರು ಇದು ತಪ್ಪು ಅಂದರು. ಏನೂ ಇಲ್ಲದ ಕಡೆ ಇಷ್ಟಾದರೂ ಇರುವುದು ಒಳ್ಳೆಯದಲ್ಲವೇ?”

ಒಳ್ಳೆಯದೇ. ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಗಳಿರುವ 100 ಜನರಲ್ಲಿ 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಹಗುರ ಖಿನ್ನತೆಗೆ ಸ್ವಸಹಾಯದ ಪುಸ್ತಕಗಳಿಂದ ಉಪಯೋಗವಿದೆಯೆಂದು ಅಧ್ಯಯನಗಳೂ ಹೇಳುತ್ತವೆ. ಆದರೆ ಪುಸ್ತಕದ ಜೊತೆಗೆ ಆಗಾಗ ವಿಚಾರಿಸುವ ಒಬ್ಬ ಮನುಷ್ಯ ಇದ್ದಾಗ ಆಗುವಷ್ಟು ಗುಣ, ಬರೀ ಪುಸ್ತಕ ಕೊಟ್ಟು ಕಳಿಸಿದರೆ ಆಗುವುದಿಲ್ಲ ಎಂದೂ ಅವೇ ಹೇಳುತ್ತವೆ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೊಡುವ ಮಾತಿದೆ, ತುಂಬಿಸುವ ಮಾತಿದೆ. ವಾಪಸ್ ಬಂದದ್ದನ್ನು ಕೂತು ಓದುವ ಮಾತು ಎಲ್ಲೂ ಕಾಣಲಿಲ್ಲ.

ನನ್ನ ಅಕ್ಕನ ಮಗಳು ಹೆರಿಗೆಯಾದ ಮೇಲೆ ಮಂಕಾದಳು. ಮಾತು ಕಡಿಮೆಯಾಯಿತು, ತಲೆ ಬಾಚಿಕೊಳ್ಳುವುದೂ ಬೇಡವಾಯಿತು. ಗಂಡ ಒಬ್ಬ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದ. ಅವರು ಸ್ಪೈರಲ್ ಬೈಂಡಿಂಗ್ ಹಾಕಿದ ಒಂದು ಪುಸ್ತಕ ಕೊಟ್ಟು ಮೂರು ವಾರ ಬಿಟ್ಟು ಬನ್ನಿ ಅಂದರು. ಮಗು ಮಲಗಿದ ಮೇಲೆ, ಅಡುಗೆಮನೆಯ ನೆಲದ ಮೇಲೆ ಕೂತು, ಒಲೆಕಟ್ಟೆಯ ಮೇಲಿನ ಸಣ್ಣ ಬಲ್ಬಿನ ಬೆಳಕಿನಲ್ಲಿ ಅವಳು ಅದನ್ನು ತುಂಬಿದಳು. “ಮಗು ಅತ್ತಾಗ ಬಾಗಿಲು ತೆಗೆದು ಹೊರಟುಬಿಡೋಣ ಅನ್ನಿಸುತ್ತೆ” ಎಂದು ಒಂದು ಪುಟದಲ್ಲಿ ಬರೆದಿದ್ದಳು. ಬದುಕಿನಲ್ಲಿ ಯಾರಿಗೂ ಹೇಳದಿದ್ದ ಮಾತು ಅದು. ಮೂರು ವಾರದ ನಂತರ ಕೌನ್ಸೆಲರ್ ಪುಸ್ತಕ ತೆಗೆದುಕೊಂಡು, ನೋಟು ಎಣಿಸುವ ಹಾಗೆ ಹೆಬ್ಬೆರಳಲ್ಲಿ ಸರಸರ ಸರಿಸಿ, “ವೆರಿ ಗುಡ್” ಎಂದು ಫೈಲಿನೊಳಗಿಟ್ಟರು. ಆಮೇಲೆ ಇವಳು ಆ ಕಡೆ ತಲೆ ಹಾಕಲಿಲ್ಲ. ಎರಡು ವರ್ಷ ಕಳೆದ ಮೇಲೆ ನನ್ನ ಹತ್ತಿರ ಹೇಳಿಕೊಂಡಳು: “ಮಾಮ, ಅದನ್ನ ಓದ್ತಾರೆ ಅಂತ ಕೈಕಾಲು ನಡುಗ್ತಿತ್ತು. ಓದಲಿಲ್ಲವಲ್ಲ, ಅದು ಇನ್ನೂ ಕಷ್ಟ ಆಯ್ತು.”

ಬರೆದು ತರುವ ಈ ಪದ್ಧತಿ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಿಂದ ಎಲ್ಲೆಡೆ ಹರಡಿತು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ, ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಮಾತುಕತೆಯಲ್ಲಿ ತಿದ್ದುವ ಚಿಕಿತ್ಸೆ ಅದು. ಅದರ ಕ್ರಮದಲ್ಲಿ ಕಳೆದ ವಾರದ ಹೋಂವರ್ಕನ್ನು ಇಬ್ಬರೂ ಕೂತು ನೋಡುವುದು ಪ್ರತಿ ಭೇಟಿಯ ನಿಗದಿತ ಭಾಗ. ನಾವು ಹಾಳೆಯನ್ನು ತಂದುಕೊಂಡೆವು, ಕೂತು ನೋಡುವುದನ್ನು ಅಲ್ಲೇ ಬಿಟ್ಟುಬಂದೆವು. ಡಿಗ್ರಿ ಇದ್ದರಷ್ಟೇ ಇದು ಸಾಧ್ಯ ಎಂದು ನಾನು ಹೇಳುತ್ತಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ ಮನಃಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು ತೀವ್ರ ಖಿನ್ನತೆಯವರನ್ನೂ ಆರೆಂಟು ಭೇಟಿಗಳಲ್ಲಿ ನೋಡಿಸಿತು. 2017ರಲ್ಲಿ ಪ್ರಕಟವಾದ ಫಲಿತಾಂಶ ಚೆನ್ನಾಗಿತ್ತು. ಅಲ್ಲಿ ಸಮಾಲೋಚಕರ ಮಾತುಕತೆಯನ್ನು ಧ್ವನಿಮುದ್ರಿಸಿ, ಜೊತೆಯವರು ಒಟ್ಟಿಗೆ ಕೂತು ಕೇಳಿ ತಿದ್ದುತ್ತಿದ್ದರು. ರೋಗಿಯ ಮಾತಿಗೆ ಒಂದು ಕಿವಿ ಇತ್ತು, ಆ ಕಿವಿಯ ಮೇಲೂ ಇನ್ನೊಂದು ಕಣ್ಣಿತ್ತು.

ನಿಮ್ಮ ಪುಸ್ತಿಕೆಯ ಮೊದಲ ಪುಟದಲ್ಲಿ ಖಿನ್ನತೆ ಎಷ್ಟಿದೆಯೆಂದು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ, ಪಿಎಚ್‌ಕ್ಯೂ-9, ಹಾಕಿದ್ದೀರಿ. ಒಂಬತ್ತನೆಯದನ್ನು ಇನ್ನೊಮ್ಮೆ ನೋಡಿ. ಸಾಯುವುದೇ ಲೇಸು ಅನ್ನಿಸಿತ್ತೇ, ನಿಮಗೆ ನೀವೇ ನೋವು ಮಾಡಿಕೊಳ್ಳಬೇಕೆನ್ನಿಸಿತ್ತೇ ಎಂದು ಕೇಳುವ ಪ್ರಶ್ನೆ ಅದು. ಅದನ್ನು ಮನೆಗೆ ಕಳಿಸುವಂತಿಲ್ಲ, ತಾಯಿ. ಆ ಹುಡುಗ ಕೋಣೆಯಲ್ಲಿರುವಾಗಲೇ ನೋಡಬೇಕು. ಸೊನ್ನೆ, ಅಂದರೆ “ಒಮ್ಮೆಯೂ ಇಲ್ಲ” ಎಂಬುದನ್ನು ಬಿಟ್ಟು ಬೇರೆ ಏನಾದರೂ ಗುರುತಿದ್ದರೆ ಅಂದಿನ ಬೇರೆ ಕೆಲಸವೆಲ್ಲ ಪಕ್ಕಕ್ಕಿಟ್ಟು ಮಾತಾಡಬೇಕು. ಮನೋವೈದ್ಯರ ಹತ್ತಿರ ಕಳಿಸಬೇಕಾದರೆ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲರಿಗೂ ಒಂದೇ ಪುಸ್ತಿಕೆ ಎಂಬುದೂ ನನಗೆ ಒಪ್ಪಿಗೆಯಿಲ್ಲ. ಗೀಳು ಕಾಯಿಲೆಯವರಿಗೆ ಯೋಚನೆಗಳನ್ನು ಪಟ್ಟಿ ಮಾಡುವುದೇ ಇನ್ನೊಂದು ಗೀಳಾಗಬಹುದು. ಚಿಕ್ಕಂದಿನಲ್ಲಿ ಮೈಮೇಲೆ ಕೈಹಾಕಿಸಿಕೊಂಡ ಹುಡುಗಿಗೆ “ನಿಮ್ಮ ಅತ್ಯಂತ ನೋವಿನ ನೆನಪನ್ನು ಬರೆಯಿರಿ” ಎಂಬ ಪುಟ ಕೊಟ್ಟು ಪಿಜಿ ರೂಮಿಗೆ ಕಳಿಸುವುದು ಕ್ರೌರ್ಯ. ಹಾಸಿಗೆಯಿಂದ ಏಳಲಾಗದವನಿಗೆ ತುಂಬದ ಪುಟ ತನ್ನ ಸೋಲಿಗೆ ಇನ್ನೊಂದು ಸಾಕ್ಷಿಯಷ್ಟೇ. ಬರೆದ ಪುಸ್ತಕ ಮನೆಯಲ್ಲಿ ಯಾರ ಕೈಗೆ ಸಿಗುತ್ತದೆ ಎಂದಾದರೂ ಕೇಳುತ್ತೀರಾ? ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಹಕ್ಕೆಂದು ಕೊಟ್ಟಿದೆ, ಆದರೆ ಹಾಸಿಗೆ ಕೆಳಗಿಟ್ಟ ಪುಸ್ತಿಕೆಯನ್ನು ಕಾಯ್ದೆ ಕಾಯುವುದಿಲ್ಲ.

ಇನ್ನು ನಿಮ್ಮ ಕನ್ನಡ. ಮಾದರಿಗೆ ಕಳಿಸಿದ ಪುಟದಲ್ಲಿ “ಸ್ವಯಂಚಾಲಿತ ನಕಾರಾತ್ಮಕ ಆಲೋಚನೆಗಳು” ಎಂದಿದೆ. ಹರಿಹರದ ಹುಡುಗನಿಗೆ ಅದು ಯಾವ ಯಂತ್ರದ ಸುದ್ದಿ? “ತಾನಾಗೇ ಬರುವ ಕೆಟ್ಟ ಯೋಚನೆ” ಅನ್ನಿ. 0ಯಿಂದ 100ರವರೆಗೆ ಅಂಕ ಕೊಡಿ ಎಂದು ಕೇಳಿದ್ದೀರಿ. “ಈಗ ಹೇಗಿದೆಯಪ್ಪ” ಎಂದರೆ ನಮ್ಮ ಹಿರಿಯರು “ರೂಪಾಯಿಗೆ ನಾಲ್ಕಾಣೆ ವಾಸಿ” ಅನ್ನುತ್ತಾರೆ. ಅದಕ್ಕಿಂತ ನಿಖರವಾದ ಮಾಪನ ನನಗೆ ಗೊತ್ತಿಲ್ಲ. ನನಗೆ ಪರಿಚಯದ ನರ್ಸ್ ಒಬ್ಬರು ಓದುಬರಹ ಬಾರದ ಹೆಂಗಸಿಗೆ, ಮನೆಯಿಂದ ಹೊರಗೆ ಕಾಲಿಟ್ಟ ದಿನ ಡಬ್ಬಿಗೊಂದು ಹುಣಸೆಬೀಜ ಹಾಕು ಅಂದಿದ್ದರು. ವಾರಕ್ಕೊಮ್ಮೆ ಇಬ್ಬರೂ ಕೂತು ಡಬ್ಬಿ ಬಗ್ಗಿಸಿ ಎಣಿಸುತ್ತಿದ್ದರು. ಪುಸ್ತಕವಿಲ್ಲ, ಪೆನ್ನಿಲ್ಲ, ಆದರೂ ಒಳ್ಳೆಯ ವರ್ಕ್‌ಬುಕ್ಕಿನ ಕೆಲಸವೆಲ್ಲ ಅಲ್ಲಿ ನಡೆಯುತ್ತಿತ್ತು.

ತಪ್ಪೆಲ್ಲ ನಿಮ್ಮದೇ ಎಂದು ನಾನು ಭಾವಿಸಿಲ್ಲ. ತಪಾಸಣೆಗೆ ಬರುವವರಿಗೆ ತೋರಿಸಲಿಕ್ಕೆಂದು ಎರಡು ಸಾವಿರ ಮಕ್ಕಳಿಗೆ ಒಬ್ಬರನ್ನು ನೇಮಿಸುವ ಕಾಲೇಜುಗಳ ಮೇಲೆ ನನಗೆ ಸಿಟ್ಟಿದೆ. ಈ ದೇಶದಲ್ಲಿ ಬರೆಸಿಕೊಳ್ಳುವವರು ಬಹಳ, ಓದುವವರು ಇಲ್ಲ. ಆಶಾ ಕಾರ್ಯಕರ್ತೆ ಹಗಲೆಲ್ಲ ರಿಜಿಸ್ಟರ್ ತುಂಬುತ್ತಾಳೆ. ಶಾಲೆಯ ಮಕ್ಕಳು ಪ್ರಾಜೆಕ್ಟ್ ಎಂದು ರಾತ್ರಿಯೆಲ್ಲ ಅಂಟಿಸುತ್ತಾರೆ, ಅದು ಬೀರುವಿನ ತಲೆ ಮೇಲೆ ಧೂಳು ತಿನ್ನುತ್ತದೆ. ನಮ್ಮ ಹಳ್ಳಿಯ ಮೇಷ್ಟ್ರು ಕಾಪಿ ಪುಸ್ತಕದ ಪ್ರತಿ ಪುಟಕ್ಕೂ ಕೆಂಪು ಶಾಯಿಯಲ್ಲಿ ಒಂದು ಮಾತು ಬರೆಯುತ್ತಿದ್ದರು. “ಕೊಂಬು ಮರೆತೆ” ಅಂತಲಾದರೂ ಸರಿ. ಐವತ್ತು ಮಕ್ಕಳಿದ್ದೆವು.

ನೀವು 32 ಪುಟ ಕೊಡಬೇಡಿ, ಒಂದು ಪುಟ ಕೊಡಿ. ಮುಂದಿನ ಭೇಟಿಯ ಮೊದಲ ಹತ್ತು ನಿಮಿಷ ಆ ಪುಟಕ್ಕಿಡಿ. ವಾರಕ್ಕೊಮ್ಮೆ ನಿಮ್ಮ ಕೆಲಸ ನೋಡಿ ತಿದ್ದಲು ಒಪ್ಪುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಹುಡುಕಿಕೊಳ್ಳಿ. ತಪ್ಪು ಎಂದ ಆ ಹಿರಿಯ ವೈದ್ಯರನ್ನೇ ಮೊದಲು ಕೇಳಿ ನೋಡಿ. ಇಂಗ್ಲಿಷಿನಿಂದ ಎತ್ತಿದ ಪುಟಗಳಿಗೆ ಅನುಮತಿಯನ್ನೂ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒತ್ತಡದ ಬಗ್ಗೆ ತಂದ ಸಚಿತ್ರ ಕೈಪಿಡಿಯನ್ನು ಲಾಭದ ಉದ್ದೇಶವಿಲ್ಲದೆ, ಅದರ ಷರತ್ತುಗಳಂತೆ ಅನುವಾದಿಸಿ ಹಂಚಬಹುದು. ಉಳಿದ 31 ಪುಟಗಳನ್ನು ನನಗೆ ಕಳಿಸಿ. ಚಿಕಿತ್ಸೆಯ ವಿಚಾರಕ್ಕೆ ಕೈ ಹಾಕುವುದಿಲ್ಲ. ಕನ್ನಡವನ್ನು ಸಾಲುಸಾಲಾಗಿ ಓದಿ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ, ತಿಂಗಳೊಳಗೆ ವಾಪಸ್ ಕಳಿಸುತ್ತೇನೆ.

— ಸಂ.